ಅಣ್ಣ ಕೇಳಿದ ಕ್ಷಮೆ

ಹಿನ್ನೀರಿನ ಆಚೆ ದಡದ ಆ ಅತಿಥಿಗೃಹಕ್ಕೆ ದೋಣಿಯಲ್ಲೇ ಹೋಗಬೇಕು. ಡಾಕ್ಟರು ಕೈಚೆಲ್ಲಿದ ಮೇಲೆ ಅಲ್ಲಿಗೇ ಹೋಗೋಣವೆಂದು ಅಣ್ಣ ಹಟ ಹಿಡಿದ. ತಮ್ಮ ಮಹಾಬಲ ಮರುಮಾತಾಡದೆ ಕರೆತಂದ. ನಲವತ್ತು ವರ್ಷಗಳ ಹಿಂದೆ ಅವರ ಅಪ್ಪ ಮುಳುಗಿದ್ದು ಅದೇ ನೀರಿನಲ್ಲಿ.

ಮರುದಿನ ಸಂಜೆ ಜಗಲಿಯಲ್ಲಿ ಗಂಜಿ ಕುಡಿಸುವಾಗ ಅಣ್ಣ ತಮ್ಮನ ಕೈ ಹಿಡಿದುಕೊಂಡ.

"ಅವತ್ತು ದೋಣಿ ಮಗುಚಿದಾಗ ನೀನು ನನ್ನ ಬೆನ್ನ ಮೇಲಿದ್ದೆ. ಅಪ್ಪ ನನ್ನ ತೋಳು ಹಿಡ್ಕೊಂಡಿದ್ರು. ನಿನ್ನ ಉಳಿಸ್ಬೇಕು ಅನ್ನೋ ಭರದಲ್ಲಿ ನಾನೇ ಅವರನ್ನ ಕೊಡವಿಬಿಟ್ಟೆ ಕಣೋ. ಅಮ್ಮಂಗೂ ಹೇಳ್ಲಿಲ್ಲ."

"ಈಗ ಅದೆಲ್ಲ ಯಾಕಣ್ಣ?"

"ಆ ಪಾಪ ಹೊತ್ಕೊಂಡು ಮದುವೇನೂ ಬೇಡ ಅಂದೆ. ನಿನ್ನ ಓದಿಸ್ದೆ, ಅಷ್ಟೇ. ಕ್ಷಮಿಸ್ತೀಯಾ?"

ಮಹಾಬಲ ಗಂಜಿಯ ಬಟ್ಟಲನ್ನು ಕೆಳಗಿಟ್ಟ.

"ಕ್ಷಮಿಸಿದೀನಿ, ಅಣ್ಣ."

ಅಣ್ಣ ಕಣ್ಣು ಮುಚ್ಚಿದ. ಬೆಳಗಾಗುವಷ್ಟರಲ್ಲಿ ಅವನ ಉಸಿರು ನಿಂತಿತ್ತು.

ಅಂದು ಹತ್ತು ವರ್ಷದ ಮಹಾಬಲ ಅಣ್ಣನ ಬೆನ್ನ ಮೇಲಿಂದಲೇ ಕೈಚಾಚಿ, ಅಣ್ಣನ ತೋಳು ಹಿಡಿದಿದ್ದ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ್ದ.