ಆದೇಶದ ಪ್ರತಿ

ಪ್ರೊಬೇಷನ್ನಿನಲ್ಲಿ ಕೆಲಸ ಕಳೆದುಕೊಂಡ ಸರ್ಕಾರಿ ನೌಕರರನ್ನು ವಾಪಸ್ ತೆಗೆದುಕೊಳ್ಳುವ ಮಸೂದೆ ಪಾಸಾಗಿ ತಿಂಗಳಾಗಿತ್ತು. ಅಷ್ಟರಲ್ಲಿ ವಿಶಾಲಾಕ್ಷಿ ತನ್ನ ಹಳೆಯ ಕಚೇರಿಗೆ ಅಲೆದಲೆದು ಒಂದು ಜೊತೆ ಚಪ್ಪಲಿ ಸವೆಸಿದ್ದಳು. ಅರ್ಜಿ ಕೊಡಲು ಇವತ್ತೇ ಕಡೇ ದಿನ.

"ವಜಾ ಆದೇಶದ ಪ್ರತಿ ಎಲ್ಲಿದೆಯಮ್ಮ?" ಸೂಪರಿಂಟೆಂಡೆಂಟ್ ಏಳನೇ ಸಲ ಕೇಳಿದರು.

"ಆದೇಶ ಎಲ್ಲಿ ಕೊಟ್ರಿ ಸಾರ್? ನಾಳೆಯಿಂದ ಬರಬೇಡ ಅಂತ ಬಾಯಲ್ಲಿ ಹೇಳಿದ್ರಿ. ಇದೇ ಕುರ್ಚೀಲಿ ಕೂತ್ಕೊಂಡು, ಚಕ್ಕುಲಿ ತಿನ್ತಾ."

"ನೋಡಮ್ಮ, ಯಾಕೆ ವಜಾ ಆದ್ರಿ ಅಂತ ಕಾಯ್ದೆ ಕೇಳಲ್ಲ, ಯಾವಾಗ ಆದ್ರಿ ಅಂತಾನೂ ಕೇಳಲ್ಲ. ಆದೇಶದ ಪ್ರತಿ ಒಂದೇ ಕೇಳೋದು. ಬಾಯಿಮಾತಿಗೆ ಸೀಲ್ ಹೊಡೆಯೋಕಾಗತ್ತಾ?"

ಅವರು ಅವಳ ಕಡತವನ್ನು ಹಿಂದೆ ಮುಂದೆ ತಿರುವಿ ಕನ್ನಡಕ ಮೇಲೇರಿಸಿದರು. "ಇದ್ರ ಪ್ರಕಾರ ನಿಮ್ಮನ್ನ ಯಾರೂ ವಜಾ ಮಾಡೇ ಇಲ್ವಲ್ಲ."

ವಿಶಾಲಾಕ್ಷಿಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ನಾನಿನ್ನೂ ಕೆಲಸದಲ್ಲೇ ಇದೀನಾ ಸಾರ್?"

"ಇದೀರಿ. ಹದಿನಾಲ್ಕು ತಿಂಗಳಿಂದ ರಜಾ ಚೀಟಿ ಇಲ್ದೆ ಗೈರುಹಾಜರು. ಇನ್ನೊಂದು ಮಾತಾಡಿದ್ರೆ ಅದಕ್ಕೇ ಈಗಲೇ ವಜಾ ಮಾಡ್ತೀನಿ, ಸೀಲ್ ಸಮೇತ."

ಅವಳು ಕುರ್ಚಿ ಎಳೆದುಕೊಂಡು ಕೂತು, ಮಡಚಿದ್ದ ಅರ್ಜಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅವರ ಕಡೆಗೆ ಪೆನ್ನು ಚಾಚಿದಳು.

"ಬೇಗ ಮಾಡಿ ಸಾರ್. ಅದರ ಪ್ರತೀನ ಇದಕ್ಕೆ ಲಗತ್ತಿಸಿ ಇಲ್ಲೇ ಕೊಟ್ಟು ಹೋಗ್ತೀನಿ."