ಆಡದ ಮಾತಿಗೆ ಬಂದ ಬೈಗುಳ

"ನೀವು ಆಡೇ ಇಲ್ಲದ ಮಾತಿಗೆ ಈ ಕಾಗದ ಬರೆದಾಕೆ ಬೈದಿದಾಳಲ್ರೀ," ಎಂದರು ನಿರ್ದೇಶಕರು.

ನಟಿಯ ಅರ್ಧ ಮುಖಕ್ಕೆ ಬಣ್ಣ ಬಿದ್ದಿತ್ತು. ಇನ್ನರ್ಧ ತಾನಾಗಿಯೇ ಬಿಳಿಚಿಕೊಂಡಿತು.

ನಿರ್ದೇಶಕರು ಕಾಗದ ಓದಿದರು: 'ಉಣ್ಣುತ್ತಿದ್ದ ಸೊಸೆಯ ತಟ್ಟೆ ಕಿತ್ತುಕೊಂಡು, ನಿನ್ನ ಹಸಿವು ನಮ್ಮ ಪಾತ್ರೆಗಿಂತ ದೊಡ್ಡದಾಯ್ತು ಅಂತೀಯಲ್ಲ, ನಿನ್ನ ನಾಲಿಗೆ ಬಿದ್ದುಹೋಗಲಿ.' ಓದಿ, ಮಡಿಸಿ, ಜೇಬಿಗಿಟ್ಟುಕೊಂಡರು.

ತಟ್ಟೆ ಕಿತ್ತುಕೊಂಡದ್ದು ನಿಜ. ಮಾತು ಮಾತ್ರ ಬರೆದ ಹಾಳೆಯಲ್ಲೇ ಉಳಿದಿತ್ತು. ಚಿತ್ರೀಕರಣದ ಹೊತ್ತಿಗೆ ನಿರ್ದೇಶಕರೇ ಅದನ್ನು ಹೊಡೆದುಹಾಕಿ, ಬಾಯಿ ಬಿಡದೆ ತಟ್ಟೆ ಎತ್ತಿಕೊಂಡು ಹೋಗಿ ಎಂದಿದ್ದರು. ಟೀವಿಯಲ್ಲಿ ಬಂದದ್ದೂ ಹಾಗೆಯೇ. ಅಂದಮೇಲೆ ಇದನ್ನು ಬರೆದವರು ಹಾಳೆ ಓದಿದ್ದಾರೆ. ಅಂದು ಸೆಟ್ಟಿಗೆ ಬಂದಿಲ್ಲ.

ಅಂದು ರಜೆ ಹಾಕಿದ್ದವನು ಒಬ್ಬನೇ: ಪಿಸ್ತೂಲಪ್ಪ.

ಅವನು ಧಾರಾವಾಹಿಯ ಇನ್ನೊಬ್ಬ ಖಳ. ನಾಲ್ಕು ಕೊಲೆ ಮಾಡಿದ್ದಾನೆ, ಒಂದು ಗೋದಾಮು ಸುಟ್ಟಿದ್ದಾನೆ. ಆದರೂ ಹೆಂಗಸರು ದಾರಿಯಲ್ಲಿ ನಿಲ್ಲಿಸಿ ಸೆಲ್ಫಿ ಕೇಳುತ್ತಾರೆ. ಅತ್ತೆಯ ಪಾತ್ರದ ಇವಳು ಒಂದು ಇರುವೆಯನ್ನೂ ಕೊಂದಿಲ್ಲ. ಸೊಸೆ ಮಲಗಿದರೆ ಫ್ಯಾನು ಆರಿಸುತ್ತಾಳೆ, ಸೊಸೆ ಫೋನಿನಲ್ಲಿದ್ದರೆ ಬಾಗಿಲಲ್ಲಿ ನಿಲ್ಲುತ್ತಾಳೆ. ಅಷ್ಟಕ್ಕೇ ಹದಿನೈದು ದಿನದಲ್ಲಿ ಬೈಗುಳದ ಇಪ್ಪತ್ತು ಕಾಗದ.

ತಿಂಗಳ ಕೊನೆಗೆ ಇಬ್ಬರಲ್ಲಿ ಒಬ್ಬರು ಕಥೆಯಲ್ಲಿ ಸಾಯಬೇಕಿತ್ತು. ಜನ ಯಾರನ್ನು ಕಡಿಮೆ ದ್ವೇಷಿಸುತ್ತಾರೋ ಅವರು. ಮನೆಯಲ್ಲಿ ತನ್ನ ಸ್ವಂತ ಅತ್ತೆಯ ಕೈಗೆ ಹಾಳೆ ಕೊಟ್ಟು ಮಗ್ಗಿಯಂತೆ ಮಾತು ಒಪ್ಪಿಸಿದ ಏಳು ವರ್ಷ ಇವಳಿಗೆ ಸಿಕ್ಕಿದ್ದೆಲ್ಲ ಕಾಫಿ ತಂದಿಟ್ಟು ಹೋಗುವ ಪಾತ್ರಗಳು. ಇದೊಂದೇ ನಿಜವಾದ ಪಾತ್ರ. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣವಿಟ್ಟ ರಾಕ್ಷಸಿಯ ಹಾಗೆ, ಇವಳ ಪ್ರಾಣ ಆ ಕಾಗದಗಳಲ್ಲಿತ್ತು.

"ಇಪ್ಪತ್ತೂ ಒಂದೇ ಕೈಬರಹ, ಹೆಸರು ಮಾತ್ರ ಬೇರೆ ಬೇರೆ," ಎಂದರು ನಿರ್ದೇಶಕರು. "ಇವು ಲೆಕ್ಕಕ್ಕಿಲ್ಲ. ಮೆಟ್ಟಿಲಿಂದ ಬಿದ್ದು ಸಾಯೋದು ನೀವೇ."

ಪಿಸ್ತೂಲಪ್ಪ ಕನ್ನಡಿಯಲ್ಲಿ ಮೀಸೆ ತೀಡುತ್ತಿದ್ದ. "ನನ್ನ ಯಾಕಕ್ಕಾ ಹಾಗೆ ನೋಡ್ತೀರಿ? ನಿಮ್ಮನ್ನ ಉಳಿಸಿ ನಾನು ಸಾಯಲಾ?"

ಸುಳ್ಳು ಕಾಗದವೆಂದು ನಾನು ಸಿಕ್ಕಿಬೀಳಲಿ ಅಂತಲೇ ಇವನು ಬರೆದಿರಬಹುದಲ್ಲ ಎಂದುಕೊಂಡಳು ಅವಳು.

ಮಧ್ಯಾಹ್ನ ಗೇಟಿನ ಪಕ್ಕದ ಕ್ಯಾಂಟೀನಿನಲ್ಲಿ ಮೂವರೂ ಊಟಕ್ಕೆ ಕೂತರು. ಅವಳು ಅನ್ನ ಕಲಸುತ್ತಿದ್ದಳು. ಚೀಲ ಹಿಡಿದ ಹೆಂಗಸೊಬ್ಬಳು ಬಂದು, ನಾಚುತ್ತಾ ಪಿಸ್ತೂಲಪ್ಪನ ಜೊತೆ ಸೆಲ್ಫಿ ತೆಗೆದುಕೊಂಡಳು. ಆಮೇಲೆ ನಟಿಯತ್ತ ತಿರುಗಿದಳು. ತುಟಿ ಪಿಟಕ್ಕೆನ್ನದೆ ಇವಳ ಮುಂದಿನ ತಟ್ಟೆ ಎತ್ತಿಕೊಂಡು ಹೋಗಿ ತೊಳೆಯುವ ತೊಟ್ಟಿಗೆ ಹಾಕಿದಳು.

ನಿರ್ದೇಶಕರು ಆ ಹೆಂಗಸನ್ನು ಕರೆದು, ನಾಲ್ಕು ಕೊಲೆ ಮಾಡಿದವನನ್ನು ಬಿಟ್ಟು ಇವರ ಮೇಲೇಕಮ್ಮ ಸಿಟ್ಟು ಎಂದು ಕೇಳಿದರು.

"ಅವನಂಥವನನ್ನ ನಾನೆಲ್ಲಿ ನೋಡಿದೀನಿ ಸಾರ್? ಇವಳ ಜೊತೆ ಹದಿನೆಂಟು ವರ್ಷ ಬಾಳಿದೀನಿ."

ನಿರ್ದೇಶಕರು ಜೇಬಿನ ಕಾಗದ ತೆಗೆದು ಅದರಲ್ಲೇ ಕೈ ಒರೆಸಿಕೊಂಡರು. ಪಿಸ್ತೂಲಪ್ಪನ ಬೆನ್ನು ತಟ್ಟಿ, ಬಿದ್ದರೆ ಮೈಗೆ ನೋವಾಗದ ಮೆಟ್ಟಿಲನ್ನೇ ಹುಡುಕುತ್ತೇನೆ ಎಂದರು.

ಸಂಜೆ ಮನೆಯಲ್ಲಿ ಟೀವಿಗೆ ಎಂದಿನಂತೆ ಬಟ್ಟೆ ಹೊದಿಸಿತ್ತು. ಅತ್ತೆ ಬಟಾಣಿ ಸುಲಿಯುತ್ತಿದ್ದರು. ಅವಳು ಚಪ್ಪಲಿ ಬಿಡುವ ಮೊದಲೇ ಪಾತ್ರ ಉಳಿದ ಸುದ್ದಿ ಹೇಳಿದಳು, ತಟ್ಟೆ ಹೋದ ಕಥೆ ಹೇಳಿದಳು, ಕಾಗದ ಬರೆದು ಕಾಲೆಳೆದ ಪಿಸ್ತೂಲಪ್ಪನಿಗೆ ಹಿಡಿಶಾಪ ಹಾಕಿದಳು. ಹಸಿವಿನ ಮಾತನ್ನು ಅಂದು ಸೆಟ್ಟಿನಲ್ಲೇ ತೆಗೆದುಹಾಕಿದ್ದರು ಎಂಬಲ್ಲಿಗೆ ಬಂದಾಗ ಅತ್ತೆಯ ಕೈ ನಿಂತಿತು.

"ತೆಗೆದ್ರು ಅಂತ ನಂಗೊಂದು ಮಾತು ಹೇಳಬಾರದಿತ್ತೇನೇ," ಎಂದರು, "ಬೇರೆ ಏನಾದ್ರೂ ಬೈದು ಬರೀತಿದ್ದೆ."