ನೀಲಿಯ ಕೆಳಗೆ

ಮೇಲಿನ ಹಸಿರು ಆಗಲೇ ಕಿತ್ತುಬಂದಿತ್ತು. ಈಗ ಹೀಟ್ ಗನ್ನಿನ ಬಿಸಿಗಾಳಿಗೆ ಬಾಗಿಲಿನ ನೀಲಿ ಬಣ್ಣ ಹಪ್ಪಳದಂತೆ ಉಬ್ಬುತ್ತಿತ್ತು. ಪೇಂಟರ್ ಕೆಂಪಣ್ಣ ಅದನ್ನು ಬ್ಲೇಡಿನಿಂದ ಕೆರೆದು ಬೀಳಿಸುತ್ತಿದ್ದ. "ಚೂರೂ ಉಳೀಬಾರ್ದು ಕೆಂಪಣ್ಣ," ಎಂದಳು ಆಶಾರಾಣಿ.

ಆ ನೀಲಿ, ಗಂಡನ ತೀರಿಹೋದ ಮೊದಲ ಹೆಂಡತಿ ಧನ್ಯಾ ಹೊಡೆಸಿದ್ದು. ಹಾಗೆಂದು ಆಶಾರಾಣಿ ಯಾರನ್ನೂ ಕೇಳಿರಲಿಲ್ಲ. ಕೇಳದೆಯೇ ಅವಳಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಈ ಮನೆಗೆ ಬಂದ ತಿಂಗಳಲ್ಲೇ ಅದರ ಮೇಲೆ ಹಸಿರು ಹೊಡೆಸಿದ್ದಳು. ಆದರೂ ಚಿಲಕ ಉಜ್ಜಿದಲ್ಲೆಲ್ಲ ನೀಲಿ ಇಣುಕುತ್ತಿತ್ತು.

"ಇದೇನವ್ವ, ನೀಲಿ ಕೆಳಗೂ ನಿಮ್ ಹಸುರೇ ಐತಲ್ಲ," ಎಂದ ಕೆಂಪಣ್ಣ.

ಜಗಲಿಯಲ್ಲಿ ಬಿತ್ತನೆಗೆ ಶುಂಠಿ ಆರಿಸುತ್ತಿದ್ದ ಅತ್ತೆ ದೊಡ್ಡತಾಯಮ್ಮ ತಲೆಯೆತ್ತಿದರು. "ಆ ಹಸುರು ಧನ್ಯಾ ಹೊಡೆಸಿದ್ದು ಕಣಪ್ಪ. ಅವ್ಳು ಹೋದ್ಮೇಲೆ ಅನಿಲ ದಿನಾ ಬಾಗ್ಲು ಸವರ್ಕಂಡು ಅಳೋನು. ನೋಡಕ್ಕಾಗ್ದೆ ನಾನೇ ನೀಲಿ ಹೊಡೆಸ್ಬುಟ್ಟೆ."

ಆಶಾರಾಣಿ ಹಸಿರು ಬೇಕೆಂದ ದಿನ ಅನಿಲ್‌ಕುಮಾರ್ ಎರಡು ಮಾತಾಡದೆ ಅರಕಲಗೂಡಿಗೆ ಹೋಗಿ ತಾನೇ ಡಬ್ಬ ತಂದಿದ್ದ. ಬಣ್ಣ ಒಣಗಿದ ಮೇಲೆ ಬಾಗಿಲನ್ನು ಮೆಲ್ಲಗೆ ಸವರಿ, ಚೆನ್ನಾಗಿದೆ ಎಂದಿದ್ದ. ಗಂಡ ತನ್ನನ್ನು ಮೆಚ್ಚಿದ ಗಳಿಗೆಯೆಂದು ಈ ಆರು ವರ್ಷ ಅವಳು ಜೋಪಾನ ಮಾಡಿಟ್ಟುಕೊಂಡಿದ್ದು ಅದೊಂದನ್ನೇ.